ಕೋಬೋ ಅಬೆಯನ್ನು ನಾಟಕದ ಕಡೆಯಿಂದ ಓದಿದ್ದೀರಾ?

ಮರಳುದಾರಿ

ಜಪಾನಿ ಬರಹಗಾರ ಕೋಬೋ ಅಬೆ ಹೆಸರು ಎತ್ತಿದ ಕೂಡಲೇ ಬರುವ ಮಾತು ಒಂದೇ, "ಆ ಮರಳಿನ ಕಾದಂಬರಿ ಬರೆದವನಲ್ವಾ?" ಹೌದು, ಅವನೇ. 'ಸುನಾ ನೋ ಓನ್ನಾ', ಅಂದರೆ 'ಮರಳಿನ ಹೆಂಗಸು', ದೊಡ್ಡ ಕೃತಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟಕ್ಕೇ ನಿಂತರೆ ಅಬೆ ಅರ್ಧದಷ್ಟೂ ಕೈಗೆ ಸಿಗೋದಿಲ್ಲ. ಕವಿತೆಯಿಂದ ಶುರು ಮಾಡಿ, ಕಾದಂಬರಿಯಲ್ಲಿ ಹೆಸರು ಮಾಡಿ, ಆಮೇಲೆ ಸ್ವಂತ ರಂಗತಂಡ ಕಟ್ಟಿ ನಟರ ಜೊತೆ ವರ್ಷಗಟ್ಟಲೆ ದುಡಿದ ಮನುಷ್ಯ ಅವನು. ನನ್ನ ವಾದ ಇಷ್ಟೇ. ಅವನಿಗೆ ಹೇಳಬೇಕಿದ್ದ ಮಾತು ಪೂರ್ತಿ ಬಲ ಪಡೆದದ್ದು ನಾಟಕದಲ್ಲಿ. ಒಪ್ಪದವರು ದಯವಿಟ್ಟು ಜಗಳಕ್ಕೆ ಬನ್ನಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಹುಟ್ಟಿದ್ದು 1924ರ ಮಾರ್ಚ್ 7ರಂದು, ಟೋಕಿಯೋದಲ್ಲಿ. ಕುಟುಂಬದ ದಾಖಲೆ ಇದ್ದದ್ದು ಉತ್ತರದ ಹೊಕ್ಕೈಡೋದಲ್ಲಿ. ಬೆಳೆದದ್ದು ಮಂಚೂರಿಯಾದ ಮುಕ್ಡೆನ್‌ನಲ್ಲಿ, ಅಂದರೆ ಈಗ ಚೀನಾದ ಶೆನ್ಯಾಂಗ್. ಅಪ್ಪ ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಡಾಕ್ಟರು. ಅಮ್ಮ ಕೂಡ ಬರಹಗಾರ್ತಿ. ಮಗ ಹುಟ್ಟಿದ ವರ್ಷವೇ ಅವರ ಕಾದಂಬರಿಯೊಂದು ಅಚ್ಚಾಗಿತ್ತು. ಹುಟ್ಟಿದ ಊರು ಒಂದು, ಬೆಳೆದ ಊರು ಇನ್ನೊಂದು, ಕಾಗದದಲ್ಲಿರುವ ಊರು ಮತ್ತೊಂದು. ದೊಡ್ಡವನಾದ ಮೇಲೆ ಅವನೇ ತನಗೆ ಊರೇ ಇಲ್ಲ ಅಂದುಕೊಂಡ. ಅವನ ಪಾತ್ರಗಳು ಹೆಸರು ಕಳೆದುಕೊಳ್ಳುತ್ತವೆ, ವಿಳಾಸ ಕಳೆದುಕೊಳ್ಳುತ್ತವೆ, ಕೊನೆಗೆ ಮುಖವನ್ನೂ ಕಳೆದುಕೊಳ್ಳುತ್ತವೆ. ಬೇರು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ.

ನಿವೃತ್ತ ಮೇಷ್ಟ್ರು

ಒಳ್ಳೆ ವಿಷಯ ಎತ್ತಿದ್ದೀರಿ. ಆದರೆ "ಊರಿಲ್ಲದವನು" ಅನ್ನೋ ಮಾತನ್ನು ಅಷ್ಟು ಸುಲಭವಾಗಿ ಬಿಡಬಾರದು. ಅದು ಯಾರ ಊರು ಅಂತ ಕೇಳಬೇಕು. 1932ರಲ್ಲಿ ಜಪಾನಿನ ಸೈನ್ಯ ಮಂಚೂರಿಯಾದಲ್ಲಿ ಒಂದು ಕೈಗೊಂಬೆ ರಾಜ್ಯ ನಿಲ್ಲಿಸಿತು. ಐದು ಜನಾಂಗಗಳು ಕೂಡಿ ಬಾಳುವ ನಾಡು ಅನ್ನೋದು ಅದರ ಘೋಷಣೆ. ಆಳಿದವರು ಮಾತ್ರ ಜಪಾನಿಯರು. ಅಬೆ ಆ ಆಳುವವರ ಮಗನಾಗಿಯೇ ಬೆಳೆದ.

ಆ ಕಟ್ಟಡ ಕುಸಿದದ್ದನ್ನೂ ಅವನೇ ಕಣ್ಣಾರೆ ಕಂಡ. 1943ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಮೆಡಿಕಲ್ ಓದಲು ಸೇರಿದ್ದ. 1944ರ ಕೊನೆಗೆ ಜಪಾನ್ ಸೋಲುತ್ತದೆ ಅನ್ನೋ ಸುದ್ದಿ ಕಿವಿಗೆ ಬಿತ್ತು. ಕ್ಷಯ ಇದೆ ಅಂತ ಸುಳ್ಳು ಸರ್ಟಿಫಿಕೇಟ್ ಮಾಡಿಸಿಕೊಂಡು ಮುಕ್ಡೆನ್‌ಗೆ ವಾಪಸ್ ಹೋದ. 1945ರ ಆಗಸ್ಟ್‌ನಲ್ಲಿ ಸೋವಿಯತ್ ಸೈನ್ಯ ಒಳಗೆ ಬಂತು. ಆ ಚಳಿಗಾಲದಲ್ಲಿ ಟೈಫಸ್ ರೋಗಿಗಳಿಗೆ ಚಿಕಿತ್ಸೆ ಕೊಡುತ್ತಿದ್ದ ಅಪ್ಪ ಅದೇ ರೋಗ ತಗುಲಿ ತೀರಿಕೊಂಡರು. ಮಗ ಸೋಡಾ ತಯಾರಿಸಿ ಮಾರಿ ಹೊಟ್ಟೆ ಹೊರೆದ. ಜಪಾನಿಗೆ ಹಡಗು ಸಿಕ್ಕಿದ್ದು 1946ರ ಕೊನೆಯಲ್ಲಿ.

ಈ ಅನುಭವದಿಂದ ಬಂದದ್ದು 1957ರ ಕಾದಂಬರಿ, 'ಮೃಗಗಳು ಊರ ಕಡೆ ಹೊರಟವು' ಅನ್ನಬಹುದು. ಮಂಚೂರಿಯಾದಲ್ಲಿ ಅನಾಥನಾದ ಜಪಾನಿ ಹುಡುಗ ಚಳಿಯ ಬಯಲು ದಾಟಿ ಸಮುದ್ರದ ಕಡೆ ನಡೆಯುತ್ತಾನೆ. ಜೊತೆಗಿರುವವನು ಯಾವ ದೇಶದವನು ಅಂತಲೇ ತಿಳಿಯೋದಿಲ್ಲ. ಹುಡುಗ ಹಡಗು ಹತ್ತುತ್ತಾನೆ, ಆದರೂ ಜಪಾನಿನ ನೆಲ ಮುಟ್ಟೋದಿಲ್ಲ. ಮರಳಿನ ಕಾದಂಬರಿಗಿಂತ ನನಗೆ ಇದೇ ಜಾಸ್ತಿ ಇಷ್ಟ. ಸೋತ ಸಾಮ್ರಾಜ್ಯದ ಮಗ ತನ್ನ ಮೇಲೆ ಕನಿಕರ ಪಡದೆ ಬರೆದ ಪುಸ್ತಕ ಇದು.

ತುಂಗೆಯ ದಡ

ಮೇಷ್ಟ್ರೇ, ಆ ಕಾದಂಬರಿಯನ್ನು ನೆನಪಿಸಿದ್ದಕ್ಕೆ ಥ್ಯಾಂಕ್ಸ್. ಕವಿತೆಯ ಕಾಲದ ಬಗ್ಗೆ ನಾನು ಒಂದಿಷ್ಟು ಸೇರಿಸುತ್ತೇನೆ. ಅದನ್ನು ಎಲ್ಲರೂ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ.

1947ರಲ್ಲಿ ಬಂದದ್ದು 'ಮುಮೇ ಶಿಶೂ', ಹೆಸರಿಲ್ಲದವನ ಕವನಗಳು. ಯಾವ ಪ್ರಕಾಶಕರೂ ಇಲ್ಲ. ಕೈಯಿಂದ ದುಡ್ಡು ಹಾಕಿ, ಸೈಕ್ಲೋಸ್ಟೈಲ್ ಮಾಡಿಸಿ ಮಾರಿದ ಪುಸ್ತಕ. ಜರ್ಮನ್ ಭಾಷೆಯ ಕವಿ ರಿಲ್ಕೆಯ ಪ್ರಭಾವ ಎದ್ದು ಕಾಣುತ್ತದೆ. ಅದೇ ವರ್ಷ ಮಾಚಿಯ ಜೊತೆ ಮದುವೆ. ಆಕೆ ಚಿತ್ರಕಲಾವಿದೆ. ಮುಂದೆ ಅಬೆಯ ಎಷ್ಟೋ ಪುಸ್ತಕಗಳಿಗೆ ಚಿತ್ರ ಬರೆದವರು, ನಾಟಕಗಳಿಗೆ ರಂಗಸಜ್ಜಿಕೆ ಮಾಡಿದವರು ಇವರೇ. ಬಾಂಬಿಗೆ ಸುಟ್ಟುಹೋದ ಟೋಕಿಯೋದಲ್ಲಿ ಉಪ್ಪಿನಕಾಯಿ, ಇದ್ದಿಲು ಮಾರಿ ದಿನ ದೂಡಿದ ಕಾಲ ಅದು. 1948ರಲ್ಲಿ ಮೆಡಿಕಲ್ ಡಿಗ್ರಿ ಸಿಕ್ಕಿತು, ಡಾಕ್ಟರಿಕೆ ಮಾಡಕೂಡದು ಅನ್ನೋ ಷರತ್ತಿನ ಮೇಲೆ. ಅದೇ ವರ್ಷ ಮೊದಲ ಕಾದಂಬರಿಯೂ ಅಚ್ಚಾಯಿತು.

ಆ ಓದು ದಂಡವಾಗಲಿಲ್ಲ. ಅವನ ಗದ್ಯ ಡಾಕ್ಟರ್ ಬರೆದ ಕೇಸ್ ಶೀಟ್ ಹಾಗೆ ಇರುತ್ತದೆ. ಎಷ್ಟೇ ವಿಚಿತ್ರ ನಡೆದರೂ ದನಿ ಏರೋದಿಲ್ಲ. 1951ರಲ್ಲಿ ಅಕುತಾಗಾವಾ ಪ್ರಶಸ್ತಿ ತಂದುಕೊಟ್ಟ 'ಗೋಡೆ: ಎಸ್. ಕರ್ಮನ ಅಪರಾಧ' ನೋಡಿ. ಒಬ್ಬ ಬೆಳಿಗ್ಗೆ ಎದ್ದಾಗ ತನ್ನ ಹೆಸರು ಕಾಣೆಯಾಗಿರುತ್ತದೆ. ಆಫೀಸಿಗೆ ಹೋದರೆ ಅವನ ವಿಸಿಟಿಂಗ್ ಕಾರ್ಡೇ ಕುರ್ಚಿಯಲ್ಲಿ ಕೂತು ಕೆಲಸ ಮಾಡುತ್ತಿರುತ್ತದೆ. ಎದೆಯೊಳಗೆ ಖಾಲಿ ಜಾಗ. ಪತ್ರಿಕೆಯಲ್ಲಿದ್ದ ಬಯಲಿನ ಚಿತ್ರವನ್ನು ಆ ಖಾಲಿ ಎದೆ ಒಳಗೆ ಎಳೆದುಕೊಳ್ಳುತ್ತದೆ. ಮೃಗಾಲಯದ ಒಂಟೆಯನ್ನೂ ಎಳೆದುಕೊಳ್ಳಲು ಹೊರಡುತ್ತದೆ. ಅದಕ್ಕಾಗಿ ವಿಚಾರಣೆ. ಕೊನೆಗೆ ಅವನೇ ಬೆಳೆಯುವ ಗೋಡೆಯಾಗುತ್ತಾನೆ. ಬರೆದಾಗ ಅಬೆಗೆ ಇಪ್ಪತ್ತೇಳೂ ತುಂಬಿರಲಿಲ್ಲ ಅಂತ ಕಾಣುತ್ತದೆ.

ಹೊಸ ಓದುಗ

ಇಷ್ಟು ಕೇಳಿದರೆ ಕಾಫ್ಕಾ ಥರಾನೇ ಅಲ್ವಾ? ಬೇರೆ ಏನಿದೆ ಅಂತ ತಿಳಿಯೋ ಆಸೆ.

ಪರದೆ ಹಿಂದೆ

ಒಳ್ಳೆ ಪ್ರಶ್ನೆ. ಜಪಾನಿನ ಕಾಫ್ಕಾ ಅನ್ನೋ ಹಣೆಪಟ್ಟಿ ಅವನಿಗೆ ಎಲ್ಲ ಕಡೆ ಅಂಟಿದೆ. ನನಗೆ ಕಾಣುವ ವ್ಯತ್ಯಾಸ ಹೇಳುತ್ತೇನೆ. ಕಾಫ್ಕಾನಲ್ಲಿ ಅಧಿಕಾರ ಎಲ್ಲೋ ಮೇಲೆ, ಕೋಟೆಯಲ್ಲಿ, ಕೋರ್ಟಿನಲ್ಲಿ ಕೂತಿರುತ್ತದೆ. ಅಬೆಯಲ್ಲಿ ಅದು ಪಕ್ಕದ ಮನೆಯವರ ಬಾಯಲ್ಲಿ ಬರುತ್ತದೆ. ನಗುತ್ತಾ ಬರುತ್ತದೆ, ಕೈಮುಗಿದು ಬರುತ್ತದೆ, "ನಿಮ್ಮ ಒಳ್ಳೇದಕ್ಕೇ" ಅಂತ ಹೇಳುತ್ತದೆ.

ಇನ್ನೊಂದು, ಅಬೆಯ ಸಿಕ್ಕಿಬಿದ್ದ ಮನುಷ್ಯ ಸುಮ್ನೆ ಕೂರೋದಿಲ್ಲ. ಅಳತೆ ಮಾಡುತ್ತಾನೆ, ಯಂತ್ರ ಹೂಡುತ್ತಾನೆ, ಪ್ರಯೋಗ ಮಾಡುತ್ತಾನೆ. ಕೆಲವೊಮ್ಮೆ ಆ ಪ್ರಯೋಗದ ರುಚಿ ಹತ್ತಿ ತಪ್ಪಿಸಿಕೊಳ್ಳೋದನ್ನೇ ಮರೆಯುತ್ತಾನೆ.

ತುಂಗೆಯ ದಡ

ಪರದೆ ಹಿಂದೆ ಅವರು ಹೇಳಿದ ಆ ಕೊನೆ ಮಾತಿಗೆ ಮರಳಿನ ಕಾದಂಬರಿಯೇ ಸಾಕ್ಷಿ. ಹೊಸ ಓದುಗರೇ, ಕಥೆ ಮೊದಲೇ ತಿಳಿಯೋದು ಬೇಡ ಅಂದರೆ ಈ ಪೋಸ್ಟ್ ಬಿಟ್ಟು ಮುಂದೆ ಹೋಗಿ.

1962ರ ಕಾದಂಬರಿ. ನಿಕಿ ಜುಂಪೇ ಅನ್ನೋ ಸ್ಕೂಲ್ ಮೇಷ್ಟ್ರು ರಜೆಯಲ್ಲಿ ಹುಳ ಹಿಡಿಯಲು ಸಮುದ್ರದ ಪಕ್ಕದ ಮರಳುದಿಬ್ಬಕ್ಕೆ ಹೋಗುತ್ತಾನೆ. ಹೊಸ ಜಾತಿಯ ಹುಳ ಸಿಕ್ಕರೆ ಅದರ ಜೊತೆ ತನ್ನ ಹೆಸರೂ ಪುಸ್ತಕದಲ್ಲಿ ಉಳಿಯುತ್ತದಲ್ಲ, ಅದೇ ಆಸೆ. ರಾತ್ರಿ ತಂಗಲು ಊರಿನವರು ಮರಳುಗುಂಡಿಯ ತಳದಲ್ಲಿರುವ ಒಂದು ಮನೆ ತೋರಿಸುತ್ತಾರೆ. ಅಲ್ಲಿ ಒಬ್ಬ ವಿಧವೆ. ಬೆಳಿಗ್ಗೆ ನೋಡಿದರೆ ಹಗ್ಗದ ಏಣಿ ಇಲ್ಲ.

ಮುಂದೆ ದಿನಾ ರಾತ್ರಿ ಮರಳು ಎತ್ತಬೇಕು. ಎತ್ತದಿದ್ದರೆ ಮನೆ ಹೂತುಹೋಗುತ್ತದೆ, ಆಮೇಲೆ ಪಕ್ಕದ ಮನೆಯ ಸರದಿ. ಕೆಲಸ ನಿಲ್ಲಿಸಿದರೆ ಮೇಲಿನಿಂದ ನೀರು ಬರೋದಿಲ್ಲ. ಊಟ ಮಾಡುವಾಗ ತಟ್ಟೆಯ ಮೇಲೆ ಕೊಡೆ ಹಿಡಿಯಬೇಕು, ಸೂರಿನಿಂದ ಮರಳು ಉದುರುತ್ತಲೇ ಇರುತ್ತದೆ. ಎತ್ತಿದ ಮರಳನ್ನು ಊರಿನವರು ಕದ್ದುಮುಚ್ಚಿ ಕಟ್ಟಡದ ಕೆಲಸಕ್ಕೆ ಮಾರುತ್ತಾರೆ. ಉಪ್ಪು ತುಂಬಿದ ಮರಳು, ಕಾಂಕ್ರೀಟಿಗೆ ಆಗಿಬರೋದಿಲ್ಲ. ಅವನು ಇದನ್ನು ಆಕೆಯ ಮುಂದೆ ಎತ್ತಿ ಆಡಿದರೆ ಆಕೆ ಕೇಳುತ್ತಾಳೆ, ಯಾರೋ ಬೇರೆಯವರಿಗೆ ಏನಾದರೆ ನಮಗೇನು ಅಂತ. ಆ ಊರನ್ನು ಹೊರಗಿನವರು ಯಾರೂ ಯಾವತ್ತೂ ನೋಡಿಕೊಂಡಿಲ್ಲ. ಆಕೆಯ ಕೋಪ ಅಲ್ಲಿಂದ ಬರುತ್ತದೆ.

ಕಾಗೆ ಹಿಡಿದು ಅದರ ಕಾಲಿಗೆ ಚೀಟಿ ಕಟ್ಟಿ ಕಳಿಸೋಣ ಅಂತ ಅವನು ಮರಳಿನಲ್ಲಿ ಒಂದು ಬಕೆಟ್ ಹೂತು ಬಲೆ ಮಾಡುತ್ತಾನೆ. ಅದಕ್ಕೆ 'ಆಸೆ' ಅಂತ ಹೆಸರಿಡುತ್ತಾನೆ. ಕಾಗೆ ಬೀಳೋದಿಲ್ಲ. ಒಂದು ದಿನ ನೋಡಿದರೆ ಬಕೆಟ್ ತಳದಲ್ಲಿ ನೀರು. ಮರಳು ತನ್ನಷ್ಟಕ್ಕೇ ಕೆಳಗಿನಿಂದ ತೇವ ಎಳೆಯುತ್ತಿದೆ. ಅಲ್ಲಿಂದ ಅವನು ಲೆಕ್ಕ ಬರೆಯಲು ಕೂರುತ್ತಾನೆ. ಹೆಂಗಸು ಗರ್ಭದ ತೊಂದರೆಯಿಂದ ನರಳಿದಾಗ ಅವಳನ್ನು ಮೇಲೆ ಎತ್ತಿಕೊಂಡು ಹೋಗುತ್ತಾರೆ. ಏಣಿ ಹಾಗೇ ಉಳಿಯುತ್ತದೆ. ಅವನು ಹತ್ತುತ್ತಾನೆ, ಸಮುದ್ರ ನೋಡುತ್ತಾನೆ, ಮತ್ತೆ ಇಳಿಯುತ್ತಾನೆ. ಈ ನೀರಿನ ವಿಷಯ ಯಾರಿಗಾದರೂ ಹೇಳಬೇಕು, ಅದನ್ನು ತಿಳಿಯುವವರು ಈ ಊರಿನವರೇ. ಪುಸ್ತಕ ಮುಗಿಯೋದು ಕೋರ್ಟಿನ ಕಾಗದದಿಂದ. ಏಳು ವರ್ಷ ಪತ್ತೆ ಇಲ್ಲದ ಕಾರಣ ಅವನನ್ನು ಕಾಣೆಯಾದವನು ಅಂತ ಘೋಷಿಸಲಾಗಿದೆ.

ನನ್ನ ತಕರಾರು ಒಂದಿದೆ. ಆ ಹೆಂಗಸಿಗೆ ಹೆಸರೇ ಇಲ್ಲ. ಗಂಡ, ಮಗು ಇಬ್ಬರೂ ಮರಳಿನ ಅಡಿ ಸತ್ತಿದ್ದಾರೆ ಅಂತ ಆಕೆ ಹೇಳುತ್ತಾಳೆ, ಅವನು ಅದನ್ನು ಸರಿಯಾಗಿ ಕಿವಿಗೂ ಹಾಕಿಕೊಳ್ಳೋದಿಲ್ಲ. ಅವನು ಅವಳ ಮೇಲೆ ಕೈ ಮಾಡುವ ಪುಟಗಳು ಓದಲು ಕಷ್ಟ. ಅಬೆಯ ಹೆಂಗಸರು ತುಂಬಾ ಸಲ ಗಂಡಸಿನ ಸಮಸ್ಯೆಗೆ ಬೇಕಾದ ಸಾಮಾನಿನಂತೆ ಬಂದುಹೋಗುತ್ತಾರೆ.

ಮರಳುದಾರಿ

ಮೇಡಂ, ತಕರಾರು ನ್ಯಾಯವಾದದ್ದು. 1964ರ ಸಿನಿಮಾದಲ್ಲಿ ಇದು ಸ್ವಲ್ಪ ತುಂಬಿಕೊಳ್ಳುತ್ತದೆ ಅಂತ ನನಗನ್ನಿಸುತ್ತದೆ. ಹಿರೋಶಿ ತೆಶಿಗಾಹಾರಾ ನಿರ್ದೇಶನ, ತೋರು ತಾಕೆಮಿತ್ಸು ಸಂಗೀತ, ಚಿತ್ರಕಥೆ ಅಬೆಯದೇ. ಕ್ಯೋಕೋ ಕಿಶಿದಾ ಆ ಪಾತ್ರಕ್ಕೆ ಕೊಟ್ಟ ಒಳಗಿನ ಗಟ್ಟಿತನ ಪುಸ್ತಕದಲ್ಲಿ ಅಷ್ಟು ಸಿಗೋದಿಲ್ಲ. ಕಾನ್ ಚಿತ್ರೋತ್ಸವದಲ್ಲಿ ವಿಶೇಷ ಜ್ಯೂರಿ ಪ್ರಶಸ್ತಿ ಬಂತು. ಆಸ್ಕರ್‌ನಲ್ಲಿ ತೆಶಿಗಾಹಾರಾ ನಿರ್ದೇಶಕರ ಪಟ್ಟಿಗೂ ಸೇರಿದರು. ಇಬ್ಬರೂ ಸೇರಿ ಒಟ್ಟು ನಾಲ್ಕು ಚಿತ್ರ ಮಾಡಿದರು. 1966ರ 'ಬೇರೆಯವನ ಮುಖ' ಬಿಡದೆ ನೋಡಿ.

ಪರದೆ ಹಿಂದೆ

ಇನ್ನು ನಾಟಕಕ್ಕೆ ಬರೋಣ. ಹವ್ಯಾಸಿ ತಂಡದಲ್ಲಿ ಬೆಳಕು, ಸಂಗೀತ ನೋಡಿಕೊಳ್ಳುವವನು ನಾನು, ಅದಕ್ಕೇ ಇದು ನನಗೆ ಹತ್ತಿರ.

ಮೊದಲು ಗಮನ ಸೆಳೆದದ್ದು 1958ರ 'ದೆವ್ವ ಇಲ್ಲೇ ಇದೆ'. ಯುದ್ಧದಿಂದ ಬಂದ ಒಬ್ಬನ ಜೊತೆ ಅವನ ಸತ್ತ ಗೆಳೆಯನ ದೆವ್ವ ತಿರುಗುತ್ತಿರುತ್ತದೆ. ಒಬ್ಬ ಠಕ್ಕ ಇದನ್ನು ವ್ಯಾಪಾರ ಮಾಡುತ್ತಾನೆ, ಸತ್ತವರ ಫೋಟೋ ಕೊಳ್ಳಲು ಶುರು ಮಾಡುತ್ತಾನೆ. ಇಡೀ ಊರು ಅದರಲ್ಲಿ ದುಡ್ಡು ಹೂಡುತ್ತದೆ. ಈ ನಾಟಕಕ್ಕೆ ಕಿಶಿದಾ ನಾಟಕ ಪ್ರಶಸ್ತಿ ಬಂತು.

ಆದರೆ ಎಲ್ಲಕ್ಕಿಂತ ಮೇಲೆ ನಾನು ಇಡೋದು 1967ರ 'ತೊಮೊದಾಚಿ', ಅಂದರೆ 'ಗೆಳೆಯರು'. ಒಬ್ಬಂಟಿ ಯುವಕ, ಬಾಡಿಗೆ ಮನೆ, ಮದುವೆ ಗೊತ್ತಾಗಿದೆ. ಒಂದು ರಾತ್ರಿ ಬಾಗಿಲು ಬಡಿಯುತ್ತದೆ. ಅಜ್ಜಿ, ಅಪ್ಪ, ಅಮ್ಮ, ಗಂಡುಮಕ್ಕಳು, ಹೆಣ್ಣುಮಕ್ಕಳು, ಒಂದು ಇಡೀ ಕುಟುಂಬ ಒಳಗೆ ಬಂದು ಕೂರುತ್ತದೆ. ಯಾರೋ ಗೊತ್ತಿಲ್ಲ. ನಿನ್ನನ್ನು ಒಂಟಿತನದಿಂದ ಬಿಡಿಸಲು ಬಂದಿದ್ದೇವೆ ಅನ್ನುತ್ತಾರೆ. ಪೊಲೀಸರನ್ನು ಕರೆದರೆ ಅವರಿಗೆ ಇವರೆಲ್ಲ ಮರ್ಯಾದಸ್ಥರಾಗಿ ಕಾಣುತ್ತಾರೆ, ಇವನೇ ತಲೆಕೆಟ್ಟವನಾಗಿ ಕಾಣುತ್ತಾನೆ. ಮನೆಯಲ್ಲಿ ಪ್ರತಿಯೊಂದಕ್ಕೂ ಮತ ಹಾಕುತ್ತಾರೆ. ಬಹುಮತ ಯಾವಾಗಲೂ ಅವರದೇ. ದುಡ್ಡು ಹೋಗುತ್ತದೆ, ಹುಡುಗಿ ಹೋಗುತ್ತಾಳೆ, ಅವನು ಪಂಜರ ಸೇರುತ್ತಾನೆ. ಕೊನೆಗೆ ಮಗಳೊಬ್ಬಳು ಪ್ರೀತಿಯಿಂದಲೇ ಕೊಟ್ಟ ಹಾಲು ಕುಡಿದು ಸಾಯುತ್ತಾನೆ. ಕುಟುಂಬ ಸಾಮಾನು ಕಟ್ಟಿಕೊಂಡು ಮುಂದಿನ ಒಂಟಿ ಮನುಷ್ಯನ ಕಡೆ ಹೊರಡುತ್ತದೆ.

ಇದೇ ಕಥೆಯನ್ನು 1951ರಲ್ಲಿ ಅಬೆ ಸಣ್ಣಕಥೆಯಾಗಿ ಬರೆದಿದ್ದ. ಆಗ ಅಮೆರಿಕದ ಸೈನ್ಯ ಜಪಾನಿನಲ್ಲೇ ಇತ್ತು, ಓದಿದವರಿಗೆ ಅದೇ ನೆನಪಾಗುತ್ತಿತ್ತು. ನಾಟಕದಲ್ಲಿ ಅಷ್ಟು ನೇರ ಗುರುತು ಇಲ್ಲ. ಅದಕ್ಕೇ ಅದು ಯಾವ ದೇಶದಲ್ಲಿ ಆಡಿದರೂ ಚುಚ್ಚುತ್ತದೆ. ಅದಕ್ಕೆ ಆ ವರ್ಷದ ತಾನಿಝಾಕಿ ಪ್ರಶಸ್ತಿ ಬಂತು, ಕೆಂಝಾಬುರೋ ಓಯೆ ಕಾದಂಬರಿಯ ಜೊತೆ ಹಂಚಿಕೊಂಡು.

ನಿವೃತ್ತ ಮೇಷ್ಟ್ರು

'ಗೆಳೆಯರು' ವಿಷಯದಲ್ಲಿ ನನ್ನ ವಿರೋಧ ಇಲ್ಲ. ನನ್ನ ಬೇಸರ ಇರೋದು ಆಮೇಲಿನದರ ಬಗ್ಗೆ. 1973ರಲ್ಲಿ 'ಅಬೆ ಕೋಬೋ ಸ್ಟುಡಿಯೋ' ಶುರುವಾಯಿತು. ಅದೇ ವರ್ಷ 'ಪೆಟ್ಟಿಗೆ ಮನುಷ್ಯ' ಕಾದಂಬರಿ ಬಂತು, ತಲೆಯಿಂದ ಸೊಂಟದವರೆಗೆ ರಟ್ಟಿನ ಪೆಟ್ಟಿಗೆ ಹಾಕಿಕೊಂಡು ಬೀದಿಯಲ್ಲಿ ಬದುಕುವವನ ಕಥೆ. ಮುಂದಿನದು 1977ರಲ್ಲಿ. ಅದರ ಮುಂದಿನದು, 'ಸಕುರಾ ಎಂಬ ನಾವೆ', 1984ರಲ್ಲಿ! 1960ರ ದಶಕದ ಆ ಓಟ ಎಲ್ಲಿ ಹೋಯಿತು? 1962, 1964, 1967, ಒಂದಾದ ಮೇಲೊಂದು ಕಾದಂಬರಿ ಬಂದ ಕಾಲ ಅದು. ನಾಟಕ ಆಡಿದ ರಾತ್ರಿಗೆ ಮುಗಿಯಿತು, ಪುಸ್ತಕ ಉಳಿಯುತ್ತದೆ. ನಮಗೆ ನಷ್ಟವೇ ಆಯಿತು ಅಂತ ನನ್ನ ನಂಬಿಕೆ.

ಪರದೆ ಹಿಂದೆ

ಮೇಷ್ಟ್ರೇ, ನಷ್ಟ ಅನ್ನಬೇಡಿ. ಅಲ್ಲಿ ಅವನು ಏನು ಹುಡುಕುತ್ತಿದ್ದ ಅಂತ ನೋಡಬೇಕು. ಸೆಯ್ಬು ವ್ಯಾಪಾರ ಸಮೂಹದ ಸೆಯ್ಜಿ ತ್ಸುತ್ಸುಮಿ ಬೆಂಬಲ ಕೊಟ್ಟರು, ಟೋಕಿಯೋದ ಶಿಬುಯಾದಲ್ಲಿ ಹೊಸ ರಂಗಮಂದಿರ ಸಿಕ್ಕಿತು. ತತ್ಸುಯಾ ನಕದೈ, ಕುನಿಯೆ ತನಾಕಾ, ಹಿಸಾಶಿ ಇಗಾವಾ ಅಂಥ ನಟರು ಸೇರಿದರು. ಅಬೆ ನಟರಿಗೆ ಮೊದಲು ಕಲಿಸಿದ್ದು ಭಾವ ತುಂಬಬೇಡಿ ಅಂತ. ಮೈಯನ್ನು ರಬ್ಬರಿನಂತೆ ಸಡಿಲ ಬಿಡುವ ಅಭ್ಯಾಸ ಮಾಡಿಸುತ್ತಿದ್ದ. ಆ ಸ್ಥಿತಿಗೆ 'ನ್ಯೂಟ್ರಲ್' ಅನ್ನುತ್ತಿದ್ದ. ಗೇರ್ ಯಾವ ಕಡೆಗೂ ಬೀಳದೆ ನಿಂತ ಮೈ, ಅಲ್ಲಿಂದ ಯಾವ ಕಡೆಗಾದರೂ ಹೊರಡಬಹುದು.

ಹೆಸರು ಕಳಚಿದ, ಪಾತ್ರ ಕಳಚಿದ ಮನುಷ್ಯನನ್ನು ಅವನು ಕಾಗದದ ಮೇಲೆ 1951ರಿಂದ ಬರೆಯುತ್ತಿದ್ದ. ಸ್ಟುಡಿಯೋದಲ್ಲಿ ಅಂಥ ಮೈಯನ್ನೇ ಎದುರಿಗೆ ನಿಲ್ಲಿಸಲು ಹೊರಟ. ಹಾಗಾಗಿ ಮೊದಲಿನ ಕೆಲಸವೇ ಮುಂದುವರಿಯಿತು, ದಾರಿ ತಪ್ಪಲಿಲ್ಲ. ಸಂಗೀತವನ್ನೂ ತಾನೇ ಸಿಂಥಸೈಝರ್‌ನಲ್ಲಿ ಮಾಡುತ್ತಿದ್ದ. 'ಹಸಿರು ಕಾಲುಚೀಲ' ಅನ್ನೋ ನಾಟಕದಲ್ಲಿ ಒಬ್ಬನನ್ನು ಹುಲ್ಲು ಜೀರ್ಣಿಸಿಕೊಳ್ಳುವಂತೆ ಮಾರ್ಪಡಿಸುತ್ತಾರೆ, ಅದಕ್ಕೆ ಯೋಮಿಯೂರಿ ಪ್ರಶಸ್ತಿ. 1979ರಲ್ಲಿ 'ಆನೆಮರಿ ಸತ್ತಿತು' ತೆಗೆದುಕೊಂಡು ಅಮೆರಿಕದ ಊರೂರು ತಿರುಗಿದರು. ಅದರಲ್ಲಿ ಕಥೆಯೇ ಇಲ್ಲದಂತಾಗಿತ್ತು, ಬಿಳಿ ಬಟ್ಟೆ, ಮೈ, ಸದ್ದು ಅಷ್ಟೇ. ಅದಾದ ಮೇಲೆ ಸ್ಟುಡಿಯೋ ನಿಂತಿತು.

ಮೇಷ್ಟ್ರು ಹೇಳಿದ ಒಂದು ಮಾತು ಮಾತ್ರ ನಿಜ. 'ಆನೆಮರಿ'ಯನ್ನು ಓದಿ ತಿಳಿಯಲು ಆಗೋದಿಲ್ಲ.

ತುಂಗೆಯ ದಡ

ಈ ಜಗಳದಲ್ಲಿ ನಾನು ಮೇಷ್ಟ್ರ ಕಡೆ ಅರ್ಧ. ಆದರೆ ರಾಜಕೀಯವನ್ನೂ ಸೇರಿಸಿ ನೋಡಿದರೆ ಸ್ಟುಡಿಯೋ ಯಾಕೆ ಬೇಕಾಯಿತು ಅಂತ ಅರ್ಥವಾಗುತ್ತದೆ. ಅಬೆ 1950ರ ದಶಕದ ಶುರುವಿನಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದ್ದ, ಕಾರ್ಖಾನೆ ಕೆಲಸಗಾರರ ನಡುವೆ ಸಾಹಿತ್ಯದ ಗುಂಪು ಕಟ್ಟಲು ಓಡಾಡಿದ್ದ. 1956ರಲ್ಲಿ ಪೂರ್ವ ಯುರೋಪ್ ನೋಡಿ ಬಂದ ಮೇಲೆ ಪ್ರಶ್ನೆ ಶುರುವಾದವು. 1962ರಲ್ಲಿ ಪಕ್ಷ ಅವನನ್ನು ಹೊರಗೆ ಹಾಕಿತು. ಅದೇ ವರ್ಷ ಮರಳಿನ ಕಾದಂಬರಿ ಬಂತು. 1967ರಲ್ಲಿ ಚೀನಾದ ಸಾಂಸ್ಕೃತಿಕ ಕ್ರಾಂತಿಯನ್ನು ವಿರೋಧಿಸಿ ಕವಾಬಾತಾ, ಮಿಶಿಮಾ, ಜುನ್ ಇಶಿಕಾವಾ ಅನ್ನೋ ಬರಹಗಾರರ ಜೊತೆ ಹೇಳಿಕೆ ಕೊಟ್ಟ. ಬಲಪಂಥೀಯನಾದ ಮಿಶಿಮಾನ ದಾರಿ ಇವನದಕ್ಕೆ ಪೂರ್ತಿ ಉಲ್ಟಾ. ಆದರೂ ಬರಹಗಾರರ ಬಾಯಿ ಮುಚ್ಚಿಸೋದರ ವಿರುದ್ಧ ಇಬ್ಬರೂ ಒಟ್ಟಿಗೆ ನಿಂತರು.

ಗುಂಪು ಅನ್ನೋದನ್ನು ಒಳಗಿನಿಂದ ಕಂಡವನು 'ಗೆಳೆಯರು' ಬರೆದ. ಆಮೇಲೆ ತಾನೇ ಒಂದು ಗುಂಪು ಕಟ್ಟಿದ. ಇದು ನನ್ನನ್ನು ಕಾಡುತ್ತದೆ.

ಯೊಕೊಹಾಮಾ ಕನ್ನಡಿಗ

2024ರಲ್ಲಿ ಇಲ್ಲಿ ಅಬೆ ಮತ್ತೆ ಸುದ್ದಿಯಲ್ಲಿದ್ದ. ಅದು ಅವನ ಜನ್ಮಶತಮಾನದ ವರ್ಷ. ಯೊಕೊಹಾಮಾದ ಕನಗಾವಾ ಆಧುನಿಕ ಸಾಹಿತ್ಯ ಮ್ಯೂಸಿಯಂ ದೊಡ್ಡ ಪ್ರದರ್ಶನ ಮಾಡಿತು. 'ಪೆಟ್ಟಿಗೆ ಮನುಷ್ಯ' ಗಾಕುರ್ಯು ಇಶಿಯಿ ನಿರ್ದೇಶನದಲ್ಲಿ ಸಿನಿಮಾ ಆಯಿತು, ಬರ್ಲಿನ್ ಚಿತ್ರೋತ್ಸವದಲ್ಲಿ ಮೊದಲು ತೋರಿಸಿದರು.

ಯಂತ್ರಗಳ ಹುಚ್ಚು ಬಗ್ಗೆ ಯಾರೂ ಬರೆದಿಲ್ಲ. ಜಪಾನಿನಲ್ಲಿ ವರ್ಡ್ ಪ್ರೊಸೆಸರ್ ಹಿಡಿದ ಮೊದಲ ಕಾದಂಬರಿಕಾರರಲ್ಲಿ ಅಬೆ ಒಬ್ಬ, 'ಸಕುರಾ ಎಂಬ ನಾವೆ' ಹಾಗೆ ಬರೆದದ್ದು. ಹಿಮದಲ್ಲಿ ಜ್ಯಾಕ್ ಇಲ್ಲದೆ ಟೈರಿಗೆ ಹಾಕಬಹುದಾದ ಚೈನ್ ಒಂದನ್ನು ಕಂಡುಹಿಡಿದು ಬಹುಮಾನ ಕೂಡ ಪಡೆದ. ಕೊನೆಯ ವರ್ಷಗಳಲ್ಲಿ ಹಕೋನೆಯ ಬೆಟ್ಟದ ಮನೆಯಲ್ಲಿ ಒಂಟಿಯಾಗಿ ಬರೆಯುತ್ತಿದ್ದ. ತೀರಿಕೊಂಡದ್ದು 1993ರ ಜನವರಿ 22ರಂದು. ಮುಗಿಸದೆ ಬಿಟ್ಟಿದ್ದ 'ಹಾರುವ ಮನುಷ್ಯ' ಅವನ ಫ್ಲಾಪಿಯಲ್ಲಿ ಸಿಕ್ಕಿ ಆಮೇಲೆ ಅಚ್ಚಾಯಿತು. ಮಾಚಿ ಕೂಡ ಅದೇ ವರ್ಷ ಹೋದರು. ಮಗಳು ನೇರಿ ಡಾಕ್ಟರಾದರು, 2011ರಲ್ಲಿ ಅಪ್ಪನ ಜೀವನಚರಿತ್ರೆ ಬರೆದರು.

ನೊಬೆಲ್ ಮಾತಿಗೆ ಬಂದರೆ, 1994ರಲ್ಲಿ ಓಯೆಗೆ ಬಂದಾಗ ಅವರೇ ಅಬೆಯ ಹೆಸರು ಹೇಳಿದರು, ಬದುಕಿದ್ದರೆ ಇದು ಅವನಿಗೆ ಸಲ್ಲಬೇಕಿತ್ತು ಅನ್ನೋ ಅರ್ಥದಲ್ಲಿ. ಆಮೇಲೆ ನೊಬೆಲ್ ಸಮಿತಿಯ ಒಬ್ಬ ಸದಸ್ಯರೂ ಅಬೆ ತೀರಾ ಹತ್ತಿರ ಬಂದಿದ್ದ ಅಂತ ಜಪಾನಿ ಪತ್ರಿಕೆಗೆ ಹೇಳಿದರು.

ಹೊಸ ಓದುಗ

ಎಲ್ಲರಿಗೂ ಥ್ಯಾಂಕ್ಸ್. ಎಲ್ಲಿಂದ ಶುರು ಮಾಡಲಿ? ಜಪಾನಿ ಬರೋದಿಲ್ಲ.

ಮರಳುದಾರಿ

ಇಂಗ್ಲಿಷ್‌ನಲ್ಲಿ ಬೇಕಾದಷ್ಟಿದೆ. 'ಮರಳಿನ ಹೆಂಗಸು' ಡೇಲ್ ಸಾಂಡರ್ಸ್ ಅನುವಾದ ಹಳೆಯದು, ಚೆನ್ನಾಗಿದೆ. ಆದರೆ ನಾನು ಹೇಳೋದು ಮೊದಲು 'ಗೆಳೆಯರು' ಓದಿ, ಡೊನಾಲ್ಡ್ ಕೀನ್ ಅನುವಾದ. ಒಂದೇ ಸಂಜೆಗೆ ಮುಗಿಯುತ್ತದೆ. ಆಮೇಲೆ ಮರಳಿನ ಕಾದಂಬರಿ ಹಿಡಿದರೆ ಊರಿನವರ ವಿನಯದ ಮಾತು ಕೇಳುವಾಗಲೇ ಎಚ್ಚರ ಆಗುತ್ತದೆ. ಮೂರನೆಯದು ಮೇಷ್ಟ್ರು ಹೇಳಿದ ಮಂಚೂರಿಯಾ ಕಾದಂಬರಿ, ಅದೂ ಇಂಗ್ಲಿಷ್‌ಗೆ ಬಂದಿದೆ. 'ಪೆಟ್ಟಿಗೆ ಮನುಷ್ಯ' ಕಡೆಗೆ ಇರಲಿ, ಅದರಲ್ಲಿ ಯಾರು ಬರೆಯುತ್ತಿದ್ದಾರೆ ಅನ್ನೋದೇ ಬದಲಾಗುತ್ತಾ ಹೋಗುತ್ತದೆ.

ಪರದೆ ಹಿಂದೆ

'ಗೆಳೆಯರು' ಕನ್ನಡದಲ್ಲಿ ಒಂದು ಓದು ಮಾಡಿಸೋ ಆಸೆ ನನಗಿದೆ. ಅನುವಾದಕ್ಕೆ ಕೈ ಹಾಕುವವರು ಇದ್ದರೆ ಇಲ್ಲೇ ತಿಳಿಸಿ. ಹಕ್ಕು ಇನ್ನೂ ಜಾರಿಯಲ್ಲಿದೆ, ಅನುಮತಿ ಕೇಳಿಯೇ ಮಾಡಬೇಕು. ಅಜ್ಜಿ ಪಾತ್ರಕ್ಕೆ ನಮ್ಮ ತಂಡದಲ್ಲೇ ಒಬ್ಬರಿದ್ದಾರೆ.

ನಿವೃತ್ತ ಮೇಷ್ಟ್ರು

ಅನುಮತಿ ಸಿಕ್ಕರೆ ಮೊದಲ ಅಂಕ ನನಗೆ ಕೊಡಿ. ನಾಟಕದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಇದು ಕನ್ನಡಕ್ಕೆ ಬರಲೇಬೇಕು.